ಷಡಕ್ಷರಿ ಮೇಷ್ಟ್ರ ಬಾಣದ ಕಲ್ಲು

ಮಧ್ಯಾಹ್ನ ಹನ್ನೆರಡರೊಳಗೆ ಹಾಸನದ ಯೂನಿವರ್ಸಿಟಿಗೆ ಹೋಗಿ ರುಜು ಹಾಕದಿದ್ದರೆ ಷಡಕ್ಷರಿಗೆ ಸಿಕ್ಕಿದ್ದ ಮೇಷ್ಟ್ರ ಕೆಲಸ ಕೈಬಿಟ್ಟಂತೆಯೇ. ಬ್ರಿಟಿಷರು ಅಳತೆಯ ವಿದ್ಯೆ ಹಿಡಿದುಕೊಂಡು ನೆಲ ಆಳಿದ ಚರಿತ್ರೆಯನ್ನು ಅವನು ಅರ್ಧ ಆಯುಷ್ಯ ಓದಿದ್ದ. ಅವನ ಊರು ಹಳೇಕೋಟೆಯ ಜನಕ್ಕೆ ಅದರಲ್ಲಿ ತಿಳಿದದ್ದು ಒಂದೇ: ಷಡಕ್ಷರಿ ಸರ್ವೆಯರ್ ಆಗಿದ್ದಾನೆ.

ಇಸ್ತ್ರಿ ಅಂಗಿ ತೊಟ್ಟು ಬಸ್ಸಿಗೆ ನಿಂತಿದ್ದವನನ್ನು ಹೊನ್ನಕ್ಕ, ಕಾಂತರಾಜು ಆಚೀಚೆಯಿಂದ ಹಿಡಿದರು. ಅವರ ಹೊಲಗಳ ನಡುವಿನ ಗಡಿಕಲ್ಲು ಮಾಯವಾಗಿ ಒಂದು ತಲೆಮಾರಾಗಿತ್ತು. ನೀನು ಕಿತ್ತೆ, ನೀನು ಕಿತ್ತೆ ಎಂದು ಮಾತು ಬಿಟ್ಟವರು ಇವನ ತೋಳು ಎಳೆಯುವುದಕ್ಕೆ ಮಾತ್ರ ಒಂದಾಗಿದ್ದರು.

ತಾನು ಅಳೆಯುವವನಲ್ಲ, ಅಳೆದವರ ಕತೆ ಹೇಳುವವನು ಎಂದು ಷಡಕ್ಷರಿ ಬೇಡಿಕೊಂಡ.

“ಕತೆ ಏಳಕ್ಕೆ ಯಾರ್ಲಾ ಸಂಬಳ ಕೊಡ್ತಾರೆ?” ಎಂದಳು ಹೊನ್ನಕ್ಕ. “ಕಲ್ಲು ಎಲ್ಲೈತೆ ಏಳ್ಬುಟ್ಟು ಓಗು.”

ಬಸ್ಸು ಹೊರಟುಹೋಯಿತು. ಷಡಕ್ಷರಿಯ ನೆತ್ತಿ ಒಗ್ಗರಣೆ ಬಾಂಡಲಿಯಂತೆ ಕಾಯಿತು. ಕಟ್ಟೆ ಹತ್ತಿ, ಯೂನಿವರ್ಸಿಟಿಗೆಂದು ಇಟ್ಟುಕೊಂಡಿದ್ದ ಪಾಠವನ್ನು ಅಲ್ಲೇ ಶುರು ಹಚ್ಚಿದ. ಬ್ರಿಟಿಷರ ಕಲ್ಲೆಂದರೆ ನಾಲ್ಕು ಮೂಲೆ ಕೆತ್ತಿದ್ದು, ನೆತ್ತಿಯಲ್ಲಿ ಕೋಳಿಕಾಲಿನಂಥ ಬಾಣದ ಗುರುತು. ಅದನ್ನು ಕಿತ್ತವನು ಬ್ರಿಟಿಷರಿಗಿಂತ ದೊಡ್ಡ ಕಳ್ಳ. ಸುತ್ತ ಸೇರಿದ್ದ ಜನ ಶಿಳ್ಳೆ ಹೊಡೆದರು.

ಗುಂಪಿನಲ್ಲಿದ್ದ ಅವನ ಅವ್ವ ಬಸವಲಿಂಗಮ್ಮನಿಗೆ ಹೆಮ್ಮೆ ತಡೆಯಲಾಗಲಿಲ್ಲ. “ಕೋಳಿಕಾಲಾ ಮಗಾ? ಅದು ನಮ್ ಬಟ್ಟೆ ಒಗೆಯೋ ಕಲ್ಲಿನ ತುದೀಲೂ ಐತಲ್ಲ. ನಿಮ್ ತಾತ ವಲದಿಂದ ಗಾಡೀಲಿ ಏರ್ಕಂಬಂದಿದ್ದು ಕಣ.”

ಶಿಳ್ಳೆ ನಿಂತಿತು. ಎಲ್ಲರೂ ಅವನ ಹಿತ್ತಲಿಗೆ ನುಗ್ಗಿದರು. ಸೋಪಿನ ಪಾಚಿ ಕೆರೆದರೆ ಬಾಣ ಫಳಫಳ ಹೊಳೆಯಿತು. ತನ್ನ ಅಂಗಿ ತಾನು ಒಂದು ದಿನವೂ ಒಗೆದುಕೊಳ್ಳದ ಷಡಕ್ಷರಿ ಅದನ್ನು ನೋಡಿದ್ದು ಅಂದೇ. ಪಾಠದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ರುಜು ಹಾಕಿ ಬಂದುಬಿಡುತ್ತೇನೆ ಎಂದು ಕೈಮುಗಿದ. ಆ ವಂಶವನ್ನು ನಂಬಲು ಯಾರೂ ತಯಾರಿರಲಿಲ್ಲ. ಬಿಟ್ಟುಹೋದರೆ ಕಲ್ಲು ಮತ್ತೆ ಮಾಯವಾದೀತೆಂದು ಕಾಂತರಾಜುವಿನ ಲಗೇಜ್ ಆಟೋಗೆ ಅದನ್ನೂ ಅವನನ್ನೂ ಹೇರಿದರು. ಕಲ್ಲಿನ ಮೇಲೆ ಹೊನ್ನಕ್ಕ ಕೂತಳು. ಆಟೋ ಹೊಳೆನರಸೀಪುರ ದಾಟಿ, ಹಗ್ಗ ಹರಿದ ಹೋರಿಯಂತೆ ಹಾಸನಕ್ಕೆ ನುಗ್ಗಿತು.

ಹನ್ನೆರಡಕ್ಕೆ ಮುಂಚೆ ರುಜು ಬಿತ್ತು. ಚರಿತ್ರೆ ವಿಭಾಗದ ಮುಖ್ಯಸ್ಥೆ ಪ್ರೇಮಕುಮಾರಿ ಕಲ್ಲು ನೋಡಿ ಬೆರಗಾದರು. ಪುರಾವೆ ಹೊತ್ತುಕೊಂಡೇ ಕೆಲಸಕ್ಕೆ ಬಂದ ಮೇಷ್ಟ್ರನ್ನು ತಾನು ಕಂಡಿಲ್ಲವೆಂದು ಹಾರ ಹಾಕಿಸಿದರು. ಚಪ್ಪಾಳೆಯೋ ಚಪ್ಪಾಳೆ. ಷಡಕ್ಷರಿ ಪೂರಿಯಂತೆ ಉಬ್ಬಿದ.

“ರುಜು ಆಯ್ತಲ್ಲ ಮೇಡಂ, ಈಗ ಇವನಿಗೊಂದು ವಾರ ರಜ ಬರ್ಕೊಡಿ,” ಎಂದಳು ಹೊನ್ನಕ್ಕ. “ಗುಂಡಿ ತೋಡಿ ಕಲ್ಲು ನೆಡೋದೈತೆ.”

“ಸರ್ವೆಯರೂ ಇವನೇ, ಕಳ್ಳನ ಮೊಮ್ಮಗನೂ ಇವನೇ,” ಎಂದ ಕಾಂತರಾಜು. “ನಮಗೂ ಸಲೀಸು.”

ಹಾರ ಹಾಕಿಕೊಂಡೇ ಷಡಕ್ಷರಿ ಆಟೋ ಹತ್ತಿದ. ಹೊನ್ನಕ್ಕ ಈಗ ಕಾಂತರಾಜುವಿನ ಪಕ್ಕದಲ್ಲಿ ಹರಟುತ್ತಾ ಕೂತಿದ್ದಳು. ಹಿಂದೆ ಕೂರಲು ಉಳಿದದ್ದು ಕಲ್ಲೊಂದೇ.