ಸಕ್ಕರೆ ಎಷ್ಟು, ಮಾಷ್ಟ್ರೇ?

೧೯೮೭ರಲ್ಲಿ, ಏಳನೆಯ ಕ್ಲಾಸಿನಲ್ಲಿ, ನಾನು ಓದು ನಿಲ್ಲಿಸಿದೆ. ನನ್ನ ಅಕ್ಕನ ಗಂಡ, ಅಂದರೆ ಭಾವ, ಎಂ.ಎ. ಮಾಡಿ ಕನ್ನಡ ಮಾಷ್ಟ್ರಾಗಿ ಊರಿಗೆಲ್ಲ ಓದು ಕಲಿಸಿದರು. ಆದರೂ ಓದದ ತಪ್ಪಿಗೆ ಪೊಲೀಸ್ ಸ್ಟೇಶನ್ ಮೆಟ್ಟಿಲು ಹತ್ತಿದವರು ನಮ್ಮ ಕುಟುಂಬದಲ್ಲಿ ಒಬ್ಬರೇ. ಅದು ನಾನಲ್ಲ.

ಭಾವನಿಗೆ ಮಲಯಾಳ ಮಾತಾಡಲು ಬರುತ್ತದೆ, ಜಗಳಕ್ಕೆ ಸಾಕಾಗುವಷ್ಟು. ಆ ಅಕ್ಷರ ಓದುವುದಿಲ್ಲ ಎಂಬುದು ಮಾತ್ರ ಅವರ ವ್ರತ. ಕೇರಳದ ಪಾಲಾದ ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕಾದರೆ ಯಾರಾದರೂ ಒಬ್ಬರು ಬಸ್ಸಿನ ಬೋರ್ಡು ಓದದೆ ಇರಬೇಕಲ್ಲವೇ? ಒಮ್ಮೆ ಕುಂಬಳೆಯಲ್ಲಿ ಉಪ್ಪಳದ ಬಸ್ಸೆಂದು ಹತ್ತಿ, ಪೇಪರಿನಲ್ಲಿ ಮುಳುಗಿ, ಪುತ್ತಿಗೆಯಲ್ಲಿ ಇಳಿದರು. ನಾನು ಫೋನಿನಲ್ಲಿ, "ಎಂತ ಭಾವ, ಅಲ್ಲಿ ಎಂತ ಕೆಲಸ?" ಎಂದರೆ, "ಪುತ್ತಿಗೆ ನೋಡದೆ ತುಂಬ ದಿನ ಆಯ್ತು ಮಾರಾಯ" ಎಂದರು.

ಉಪ್ಪಳದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್. ಪೇಟೆಯ ಒಳ್ಳೆಯ ಗೇಟುಗಳೆಲ್ಲ ನಾನು ಮಾಡಿದವು. ಕೆಟ್ಟವು ಯಾರವೆಂದು ಹೇಳುವುದಿಲ್ಲ. ಗಿರಾಕಿಗಳ ಲೆಕ್ಕ ಬರೆದು ಬರೆದು ಮಲಯಾಳ ಅಕ್ಷರವೂ ನನ್ನ ಕೈಗೆ ಹತ್ತಿತು. ಗೋಡೆಗೆ ತಾಗಿ ಮೂಸಾಕನ, ಅಂದರೆ ಮೂಸಾ ಕಾಕನ, ಬೇಕರಿ. ನಿವೃತ್ತರಾದ ಮೇಲೆ ಭಾವನ ಸಂಜೆಗಳೆಲ್ಲ ಅಲ್ಲಿಯ ಬೆಂಚಿನ ಮೇಲೆ. ಮೂಸಾಕ ಕೇಳದೆಯೇ ಚಾ ತಂದಿಡುತ್ತಿದ್ದ, ಅರ್ಧ ಚಮಚ ಸಕ್ಕರೆ, ಜೊತೆಗೊಂದು ರಸ್ಕ್. ಅಕ್ಕ ಇಂದಿಗೂ ಒಂದು ಚಮಚ ಹಾಕುತ್ತಾಳೆ.

ಆಮೇಲೆ ಭಾವನ ಕೈಗೆ ವಾಟ್ಸ್ಯಾಪ್ ಬಂತು. ಬಂದದ್ದನ್ನೆಲ್ಲ ಬಂದ ಕ್ಷಣವೇ ಊರಿನ ಗ್ರೂಪಿಗೆ ತಳ್ಳುವುದು ಅವರ ದಿನಚರಿಯಾಯಿತು.

"ಓದಿಯಾದರೂ ಕಳಿಸಿ ಭಾವ."

"ಮೆಸೇಜು ಅಂದ್ರೆ ಪ್ರಸಾದದ ಹಾಗೆ. ಕೈಯಲ್ಲಿ ಇಟ್ಟುಕೊಳ್ಳಬಾರದು, ಹಂಚಬೇಕು. ಪ್ರಸಾದ ಯಾರಾದ್ರೂ ಓದ್ತಾರಾ?"

ಹೀಗಿರುವಾಗ ಒಂದು ಸಂಜೆ ಮೂಸಾಕ ನನ್ನ ಶಾಪಿಗೆ ಬಂದು ಫೋನು ಚಾಚಿದ. "ಇದೆಂತ ಅಂತ ಓದು."

ಮೇಲೆ ಚಂದದ ಬ್ರೆಡ್ಡಿನ ಚಿತ್ರ, ಕೆಳಗೆ ಕೆಂಪಕ್ಷರದ ಮಲಯಾಳ. ಮುಸ್ಲಿಮರ ಬೇಕರಿಗೆ ಕಾಲಿಡಬೇಡಿ, ಹಿಟ್ಟಿಗೆ ಉಗುಳುತ್ತಾರೆ ಎಂದು ಶುರು. ಉಳಿದದ್ದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಊರ ಗ್ರೂಪಿಗೆ ಹಾಕಿದವರು ನನ್ನ ಭಾವ. ಸಾಲದೆಂದು ಮೂಸಾಕನಿಗೂ ಬೇರೆಯಾಗಿ ಕಳುಹಿಸಿದ್ದರು, ಕೈ ಮುಗಿಯುವ ಚಿತ್ರದೊಂದಿಗೆ. ಆ ಹೊತ್ತಿಗೆ ಅವರು ಎಲ್ಲಿದ್ದರೆಂದು ಕೇಳುತ್ತೀರಾ? ಪಕ್ಕದಲ್ಲೇ, ಮೂಸಾಕನ ಚಾದಲ್ಲಿ ಮೂಸಾಕನ ರಸ್ಕ್ ಅದ್ದುತ್ತಿದ್ದರು.

ನಾನು ಹೋಗಿ ಅರ್ಥ ಹೇಳಿದೆ. ಅದ್ದಿದ ರಸ್ಕ್ ಮುರಿದು ಲೋಟದೊಳಗೆ ಬಿತ್ತು.

"ಬ್ರೆಡ್ಡು ಕಂಡಿತಲ್ಲ ಮಾರಾಯ. ಮೂಸನ ಜಾಹೀರಾತು ಅಂತ ಗ್ರಹಿಸಿದೆ. ವ್ಯಾಪಾರ ಆಗ್ಲಿ ಅಂತ..."

ವ್ಯಾಪಾರ ಆಯಿತು. ವಾರವಿಡೀ ಬ್ರೆಡ್ಡು ಟ್ರೇಯಲ್ಲೇ ಉಳಿಯಿತು. ಗ್ರೂಪಿನಲ್ಲಿದ್ದವರೇ ಯಾರೋ ದೂರು ಕೊಟ್ಟರು, ಸ್ಟೇಶನ್ನಿನಿಂದ ಕರೆ ಬಂತು. ಎಸ್.ಐ. ಮಲಯಾಳದಲ್ಲಿ ಕೇಳಿದರು, ಜಗಳದ ಮಲಯಾಳ ಮರೆತವರಂತೆ ಭಾವ ಕನ್ನಡದಲ್ಲಿ ಉತ್ತರಿಸಿದರು, ನಡುವೆ ನಾನು ದುಭಾಷಿ.

"ನಾನು ಬರೆದದ್ದಲ್ಲ, ಓದಿದ್ದೂ ಇಲ್ಲ ಸಾರ್."

"ನೀವು ಓದಲಿಲ್ಲ. ನೀವು ಯಾರಿಗೆ ಕಳಿಸಿದಿರೋ ಅವರು ಓದಿದರಲ್ಲ?" ಎಂದರು ಎಸ್.ಐ. ಕೋಮುಗಳ ನಡುವೆ ದ್ವೇಷ ಹಬ್ಬಿಸಿದ ಕೇಸು. ಬರೆದವನಂತೆ ಹಂಚಿದವನೂ ಆರೋಪಿ. ಫೋನು ಜಪ್ತಿ. ಕೊನೆಗೆ ಸಹಿ ಹಾಕಲು ಒಂದು ಕಾಗದ ಮುಂದಿಟ್ಟರು, ಪೂರ್ತಿ ಮಲಯಾಳ. ಭಾವ ಪೆನ್ನು ಹಿಡಿದು ನನ್ನ ಕಿವಿಯಲ್ಲಿ, "ಇದರಲ್ಲಿ ಎಂತ ಉಂಟು ನೋಡು ಮಾರಾಯ" ಎಂದರು. ಓದದೆ ಮುಂದೆ ದಾಟಿಸಲು ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನದಿಂದ ಹೊಸ ಹುಚ್ಚು. ಫೋನಿಲ್ಲದೆ ಮೆಸೇಜು ಅಳಿಸುವುದು ಹೇಗೆ? ಭಾವ ಕೊಡೆ ಹಿಡಿದು ನಡೆದೇ ಹೊರಟರು. ಗ್ರೂಪಿನವರ ಮನೆಮನೆಗೆ ಹೋಗಿ ಜಗಲಿಯಲ್ಲಿ ನಿಂತು, "ನಾನು ಕಳಿಸಿದ್ದು ಸುಳ್ಳು. ನನ್ನ ಎದುರೇ ಡಿಲೀಟ್ ಮಾಡಿ" ಎನ್ನುವುದು. ಹಳೆಯ ಶಿಷ್ಯರು ಕ್ಲಾಸಿನಲ್ಲಿ ಕಾಪಿ ಪುಸ್ತಕ ತೋರಿಸಿದಂತೆ ಫೋನು ತೋರಿಸಿದರು. ಒಬ್ಬಳು ಶಿಷ್ಯೆ ಮಾತ್ರ, "ನಾನು ಅಳಿಸಿದೆ ಮಾಷ್ಟ್ರೇ. ಆದ್ರೆ ಅವತ್ತೇ ದುಬೈಯಲ್ಲಿರುವ ತಂಗಿಗೆ ಕಳಿಸಿ ಆಗಿತ್ತು. ಅಲ್ಲಿಗೂ ನಡೀತೀರಾ?" ಎಂದಳು. ಆ ದಿನ ಭಾವ ಮುಂದಿನ ಮನೆಗೆ ಹೋಗಲಿಲ್ಲ.

ಬೇಕರಿಗೆ ಹೋದರು. ಮೂಸಾಕ ಬೈಯಲಿಲ್ಲ. ಗಿರಾಕಿಗಳ ಹತ್ತಿರ ಕೇಳುವ ದನಿಯಲ್ಲಿ, "ಸಕ್ಕರೆ ಎಷ್ಟು, ಮಾಷ್ಟ್ರೇ?" ಎಂದ.

ಭಾವ ಎದ್ದು ನನ್ನ ಶಾಪಿಗೆ ಬಂದು ಕೂತರು. "ಸ್ಟೇಶನ್ನಿನಲ್ಲಿ ಇಷ್ಟು ನಾಚಿಕೆ ಆಗ್ಲಿಲ್ಲ" ಎಂದರು. ಅಲ್ಲಿದ್ದ ಸೀಮೆಸುಣ್ಣ ಎತ್ತಿ ನನ್ನ ಕೈಗಿಟ್ಟು, "ನಿನಗೆ ಮಲಯಾಳ ಓದಲಿಕ್ಕೆ ಬರ್ತದಲ್ಲ? ಕಲಿಸು" ಎಂದರು.

ಎಂ.ಎ. ಮಾಡಿದವರಿಗೆ ಏಳನೆಯ ಕ್ಲಾಸಿನವನು ಗುರು! ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಿಂದ ಬರೆದು ಕಲಿಸಿದೆ. ಬೈದೆ ಕೂಡ, ಓದು ಬಿಟ್ಟದ್ದಕ್ಕೆ ಅವರು ಒಂದು ಕಾಲದಲ್ಲಿ ನನಗೆ ಬೈದದ್ದರ ಬಾಕಿ ತೀರಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವರು ಬೇಕರಿಯ ಎದುರು ನಿಂತು, ಕತ್ತೆತ್ತಿ, ಮಲಯಾಳ ಬೋರ್ಡಿಗೆ ಬೆರಳು ತೋರಿಸುತ್ತ, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಅಂಗಡಿಯ ಹೆಸರಿನಲ್ಲಿ ಎರಡು ಕಡೆ ತಪ್ಪಿದರು.

ಮೂಸಾಕ ತಿದ್ದಲಿಲ್ಲ. ಒಳಗೆ ಹೋಗಿ ಚಾ ತಂದು ಬೆಂಚಿನ ಮೇಲಿಟ್ಟ, ಜೊತೆಗೊಂದು ರಸ್ಕ್. ಸಕ್ಕರೆ ಎಷ್ಟೆಂದು ಕೇಳಲಿಲ್ಲ.

ಕೇಸು ಇನ್ನೂ ಮುಗಿದಿಲ್ಲ. ಕೋರ್ಟಿಗೆ ಹೋಗುವ ದಿನ ಭಾವ ಬಸ್ಸಿನ ಬೋರ್ಡು ತಾವೇ ಓದಿ ಹತ್ತುತ್ತಾರೆ. ಈಗ ನನ್ನಲ್ಲಿ ಒಂದು ಶಾಪ್, ಎರಡು ವೆಲ್ಡಿಂಗ್ ಮೆಷಿನ್, ಗೋಡೆಯಾಚೆ ಒಂದು ಬೇಕರಿ, ಮತ್ತು ಒಬ್ಬನೇ ಒಬ್ಬ ಶಿಷ್ಯ ಉಂಟು.