ತುಂಗಕ್ಕನ ಬೋಗುಣಿಗೆ ಹತ್ತಕ್ಕೆ ಹತ್ತು

"ಮಾಸ್ತರ್ರ, ಎಡಗೈ ಕೊಡ್ರಿ" ಎಂದು ಹೇಳಿ ಗುರುಪಾದಪ್ಪ ನನ್ನ ತೋಳಿಗೆ ಒಂದು ಪಟ್ಟಿ ಸುತ್ತಿ, ಟಕ್ಕೆಂದು ಬೀಗ ಒತ್ತಿ, ಹಿಂದೆ ಸರಿದು ನಿಂತ. ತಾನೇ ಕೆತ್ತಿದ ಮೂರ್ತಿಯನ್ನು ನೋಡುವ ಶಿಲ್ಪಿಯ ಹಾಗೆ ನನ್ನನ್ನು ನೋಡಿದ.

ಪಟ್ಟಿ ಡಾಕ್ಟರರು ರಕ್ತದೊತ್ತಡ ನೋಡುವಾಗ ಕಟ್ಟುವಂಥದು. ಅದರಿಂದ ಹೊರಟ ತಂತಿ ಒಂದು ಹಳೆಯ ಕುಕ್ಕರಿನೊಳಗೆ ಹೋಗಿತ್ತು. ಕುಕ್ಕರಿನ ಮುಚ್ಚಳದ ಮೇಲೆ ಸ್ಕೂಟರಿನ ವೇಗದ ಮುಳ್ಳು. ಇದಕ್ಕೆ ಅವನು ಸಾಂತ್ವನಮಾಪಕ ಎಂದು ಹೆಸರಿಟ್ಟಿದ್ದ. ಎದುರಿಗಿದ್ದವರು ಹೇಳಿದ ಸಮಾಧಾನದ ಮಾತು ದುಃಖಿತನಿಗೆ ಎಷ್ಟು ತಾಗಿತೆಂದು ನಾಡಿ, ಉಸಿರು, ಬೆವರುಗಳಿಂದ ಅಳೆದು ಹತ್ತಕ್ಕೆ ಇಷ್ಟೆಂದು ಬಾಯಿಬಿಟ್ಟು ಹೇಳುವ ಯಂತ್ರ.

ಗುರುಪಾದಪ್ಪ ಯಲಿಗಾರ ಧಾರವಾಡದ ನಮ್ಮ ಓಣಿಯಲ್ಲಿ ನನ್ನ ಪಕ್ಕದ ಮನೆಯವನು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ. ಹಾಲು ಉಕ್ಕುವುದನ್ನು ತಿಳಿಸುವ ಅವನ ಯಂತ್ರ ಇಡೀ ಓಣಿಗೆ ಕೇಳುವಂತೆ ಕೂಗುತ್ತಿತ್ತು, ಹಾಲು ಉಕ್ಕಿದ ಮೇಲೆ. ಅವನ ಸೊಳ್ಳೆ ಯಂತ್ರಕ್ಕೆ ಹುಬ್ಬಳ್ಳಿಯ ಸೊಳ್ಳೆಗಳೂ ಬಂದಿದ್ದವು.

ನನ್ನ ಹೆಂಡತಿ ಗೋದಾಬಾಯಿ ಮಾಘಮಾಸದಲ್ಲಿ ಹರಿಪಾದ ಸೇರಿದಳು. ಆಮೇಲೆ ಪೂಜೆಗೆ ಕುಳಿತರೆ ನಾಲಿಗೆ ಮಂತ್ರ ಹೇಳುತ್ತಿತ್ತು, ನಾನು ಎಲ್ಲಿಯೋ ಇರುತ್ತಿದ್ದೆ. ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವಳು ಅವಳು. ಈಗ ಅಂಗಡಿಯ ಬತ್ತಿ ತರುತ್ತಿದ್ದೆ. ಅವು ಚಟಪಟ ಉರಿದು ಮಂಗಳಾರತಿಗೆ ಮೊದಲೇ ಆರಿಹೋಗುತ್ತಿದ್ದವು.

ಯಂತ್ರ ಮಾಡಿಸಿದವಳು ಗುರುಪಾದಪ್ಪನ ತಂಗಿಯ ಮಗಳು ಭುವನಾ. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಹಾಗೆಂದರೇನೆಂದು ಕೇಳಿದೆ. ಸಾಮಾನು ಮಾಡುವವರು ಬೇರೆ, ಅದು ಮಂದಿಯ ಕೈಗೆ ಹೋಗಲು ಯೋಗ್ಯವೋ ಅಲ್ಲವೋ ಹೇಳುವವಳು ತಾನು ಎಂದಳು.

"ಉತ್ತರ ಬರಿಯವ್ರು ಅವರು, ಮಾರ್ಕು ಹಾಕಾಕಿ ನಾನು, ಅಜ್ಜಾರ. ಆದ್ರ ಸರಿ ಉತ್ತರ ಯಾವುದಂತ ನನಗ ಯಾರೂ ಹೇಳಿಲ್ಲ."

ಆಯುಷ್ಯವೆಲ್ಲ ಪೇಪರು ತಿದ್ದಿದ ನನಗೆ ಆ ಸಂಕಟ ಕೂಡಲೇ ತಿಳಿಯಿತು. ಅವಳ ಕಂಪನಿ ಫೋನಿನೊಳಗೆ ಒಂದು ಕೃತಕ ಬುದ್ಧಿಯನ್ನು ಕೂಡಿಸಿತ್ತು. ಸತ್ತವರ ಮನೆಗೆ ಏನು ಹೇಳಬೇಕೆಂದು ತೋಚದವರಿಗೆ ಅದು ಸಮಾಧಾನದ ಸಂದೇಶ ಬರೆದುಕೊಡುತ್ತದೆ. ಹಳೆಯ ಬುದ್ಧಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳಿಗೆ "ಮುಂದಿನ ಸಲ ಒಳ್ಳೆಯದಾಗಲಿ" ಎಂದು ಬರೆದಿತ್ತು. ಭುವನಾ ಆಕೆಯ ಮನೆಗೇ ಹೋಗಿ ಕೈ ಮುಗಿದು ಬಂದಿದ್ದಳು. ಈಗ ಹೊಸ ಬುದ್ಧಿ ತಯಾರಾಗಿದೆ. ಅದಕ್ಕೆ ಹತ್ತಕ್ಕೆ ಏಳಾದರೂ ಬರುತ್ತದೆಂದು ಸೋಮವಾರದೊಳಗೆ ತೋರಿಸದಿದ್ದರೆ ಹಳೆಯದನ್ನೇ ಎಲ್ಲರ ಫೋನಿಗೂ ಬಿಡುತ್ತಾರಂತೆ.

ನಾನೇ ಏಕೆ ಎಂದು ಕೇಳಿದ್ದಕ್ಕೆ ಗುರುಪಾದಪ್ಪ ಮುಚ್ಚುಮರೆ ಮಾಡಲಿಲ್ಲ. ಓಣಿಯಲ್ಲಿ ಸದ್ಯಕ್ಕೆ ಎಲ್ಲರಿಗಿಂತ ತಾಜಾ ದುಃಖ ನನ್ನದೇ ಎಂದ.

ಯಂತ್ರ ಶುರುವಾಯಿತು. "ಹುಟ್ಟಿದವರು ಸಾಯಲೇಬೇಕು" ಎಂದು ಭುವನಾಳ ಫೋನಿನೊಳಗಿನ ಹೊಸ ಬುದ್ಧಿ ಹೇಳಿತು. ಕುಕ್ಕರಿನೊಳಗಿಂದ ಒಂದು ಹೆಣ್ಣುಧ್ವನಿ, "ಹತ್ತಕ್ಕ ಒಂದು" ಎಂದಿತು. ಅದು ಗುರುಪಾದಪ್ಪನ ಹೆಂಡತಿ ನೀಲವ್ವನ ಧ್ವನಿ. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿ ಪುಟ್ಟಿಗೆ ತಿರುಗಿ ಎಸೆಯುವಾಗ ಅವಳು ಮಾತಾಡುವ ಧಾಟಿ.

"ನನ್ನ ಧ್ವನಿ ಯಾಕ ಹಾಕೀರಿ?" ಎಂದು ನೀಲವ್ವ ಬಾಗಿಲಲ್ಲೇ ಕೇಳಿದಳು. "ನಾಳೆ ನನಗ ಯಾರರ ಅರಿಶಿನ ಕುಂಕುಮಕ್ಕ ಕರದಾರ?"

"ಪುಕ್ಕಟೆ ಸಿಕ್ಕಿದ್ದು ಅದೊಂದ" ಎಂದ ಗುರುಪಾದಪ್ಪ.

ಕಾಲವೇ ಮದ್ದು ಎಂಬ ಮಾತಿಗೆ ಎರಡು ಬಂತು. ಬುದ್ಧಿಗೆ ಸಿಟ್ಟು ಬಂದಿರಬೇಕು, ಮಾತನ್ನು ಉದ್ದ ಮಾಡಿತು. ನದಿ ಬಂತು, ಕಡಲು ಬಂತು, ಕೊನೆಗೆ ನಿಮ್ಮ ಪತ್ನಿ ಆಕಾಶದಲ್ಲಿ ನಕ್ಷತ್ರವಾಗಿ ನಿಮ್ಮನ್ನು ನೋಡುತ್ತಿದ್ದಾರೆ ಎಂದಿತು. ಗೋದಾಬಾಯಿಗೆ ಮಾಳಿಗೆ ಹತ್ತಿದರೇ ತಲೆ ಸುತ್ತುತ್ತಿತ್ತು. ಮುಳ್ಳು ಸೊನ್ನೆಯಿಂದಲೂ ಹಿಂದಕ್ಕೆ ಸರಿಯಿತು.

ಹೊತ್ತು ಮುಳುಗುವವರೆಗೆ ಕೇಳಿದರೂ ಮೂರನ್ನು ದಾಟಲಿಲ್ಲ. ಭುವನಾಳ ಮುಖ ನೋಡಲಾಗಲಿಲ್ಲ. ಇವತ್ತಿಗೆ ಸಾಕು, ಪಟ್ಟಿ ಬಿಚ್ಚು ಎಂದೆ. ಗುರುಪಾದಪ್ಪ ತಲೆ ಕೆರೆದುಕೊಂಡ. ಪರೀಕ್ಷೆ ಅರ್ಧಕ್ಕೆ ಬಿಟ್ಟು ಯಾರೂ ಓಡಿಹೋಗಬಾರದೆಂದು ಅವನು ಅದಕ್ಕೆ ಕೀಲಿಕೈಯನ್ನೇ ಇಟ್ಟಿರಲಿಲ್ಲ. ಏಳು ಬಂದರೆ ತಾನೇ ಬಿಚ್ಚಿಕೊಳ್ಳುತ್ತದಂತೆ.

"ಬರದಿದ್ದರ?" ಎಂದೆ.

"ಬರ್ತದ್ರಿ. ಮನಷ್ಯಾನ ದುಃಖ ಎಷ್ಟ ದಿನಾ ಇದ್ದೀತು?"

ಇದಕ್ಕೂ ಕುಕ್ಕರು, "ಹತ್ತಕ್ಕ ಸೊನ್ನಿ" ಎಂದಿತು.

ಮರುದಿನ ಮಡಿಯುಟ್ಟು, ತೋಳಿಗೆ ತಂತಿ, ಬಗಲಲ್ಲಿ ಕುಕ್ಕರು ಇಟ್ಟುಕೊಂಡು ಪೂಜೆಗೆ ಕುಳಿತೆ. ರಬ್ಬರಿಗೆ ಮಡಿಯುಂಟೇ ಎಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ನಾನು ಸ್ತೋತ್ರ ಹೇಳಿ ಮುಗಿಸಿದೆನೋ ಇಲ್ಲವೋ, ನೀಲವ್ವನ ಧ್ವನಿ ದೇವರ ಎದುರಿಗೇ "ಹತ್ತಕ್ಕ ಮೂರು" ಎಂದಿತು. ನಾನು ತಕರಾರು ಮಾಡಲಿಲ್ಲ. ನಾನು ತಿದ್ದಿದ್ದರೂ ಅಷ್ಟೇ ಹಾಕುತ್ತಿದ್ದೆ.

ಆ ಹೊತ್ತಿಗೆ ನಮ್ಮ ಶಾಲೆಯಲ್ಲಿದ್ದ ಹುಯಿಲಗೋಳ ಹೆಡ್ ಮಾಸ್ತರರು ಬಂದರು. ಗೋದಾಬಾಯಿ ಹೋದಾಗ ಊರಿನಲ್ಲಿರಲಿಲ್ಲವಾದ್ದರಿಂದ ಈಗ ಮಾತಾಡಿಸಲು ಬಂದಿದ್ದರು. ಗೀತೆಯಿಂದ ಎರಡು ಶ್ಲೋಕ, ಉಪನಿಷತ್ತಿನಿಂದ ಒಂದು ವಾಕ್ಯ ಹೇಳಿ, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಮುಗಿಸಿದರು. ಕುಕ್ಕರು "ಹತ್ತಕ್ಕ ಎರಡು" ಎಂದಿತು.

ಅವರು ಬೆಚ್ಚಿಬಿದ್ದು ಸುತ್ತ ನೋಡಿದರು. ವಿಷಯ ತಿಳಿದ ಮೇಲೆ ಎದ್ದೇಳಲಿಲ್ಲ. ತಮ್ಮ ಸರ್ವೀಸಿನಲ್ಲಿ ಯಾರಿಗೂ ಎರಡು ಹಾಕಿದವರಲ್ಲ, ಎರಡು ತೆಗೆದುಕೊಂಡವರೂ ಅಲ್ಲವೆಂದು ಹೇಳಿ ಮರುಮೌಲ್ಯಮಾಪನ ಬೇಕೆಂದು ಪಟ್ಟು ಹಿಡಿದರು. ಎರಡನೆಯ ಸಲಕ್ಕೆ ಒಂದೂವರೆ ಬಂತು. ಸಿಟ್ಟಿನ ಭರದಲ್ಲಿ "ಬರ್ತೀನ್ರಿ" ಎಂದುಬಿಟ್ಟರು. ಸಾವಿನ ಮನೆಯಿಂದ ಹೊರಡುವಾಗ ಯಾರಾದರೂ ಮತ್ತೆ ಬರುತ್ತೇನೆ ಎನ್ನುತ್ತಾರೆಯೇ? ಯಂತ್ರ ಇದ್ದ ಒಂದೂವರೆಯನ್ನೂ ಕಿತ್ತುಕೊಂಡಿತು.

ಸುದ್ದಿ ಹರಡಿತು. ಗೋದಾಬಾಯಿ ಹೋದಾಗ ಬಾರದವರು, ಅವಳನ್ನು ಕಂಡೇ ಇರದವರು, ಎರಡು ಓಣಿಯಾಚೆಯವರು ಎಲ್ಲರೂ ಬಂದರು. ಕಟ್ಟೆಯ ಮೇಲೆ ಪಾಳಿ ಹಚ್ಚಿದರು. ಒಬ್ಬಾಕೆ ಗೋಡೆ ಅದುರುವಂತೆ ಅತ್ತು ಅರ್ಧ ಮಾರ್ಕು ತೆಗೆದುಕೊಂಡಳು. ಒಬ್ಬ ತನ್ನ ಕಷ್ಟವನ್ನೇ ಹೇಳಿಕೊಂಡು ನನ್ನಿಂದ ಸಮಾಧಾನ ಪಡೆದು ಹೋದ. ಹೆಚ್ಚೆಂದರೆ ಮೂರೂವರೆ. ಮೂರೂವರೆಯವನಿಗೆ ಹೊರಗಿದ್ದವರು ಕೈ ಕುಲುಕಿದರು. ಭುವನಾ ಮೂಲೆಯಲ್ಲಿ ಕುಳಿತು ಪ್ರತಿಯೊಬ್ಬರ ಮಾತನ್ನೂ ಬುದ್ಧಿಗೆ ಉಣಿಸುತ್ತಿದ್ದಳು. ಶನಿವಾರ ಹೋಯಿತು. ನನ್ನ ತೋಳು ಜೋಮು ಹಿಡಿದಿತ್ತು.

ರವಿವಾರ ಗದಗಿನಿಂದ ಗೋದಾಬಾಯಿಯ ಅಕ್ಕ ತುಂಗಕ್ಕ ಬಂದಳು. ಮೊಣಕಾಲು ನೋವೆಂದು ಇಷ್ಟು ದಿನ ಬಂದಿರಲಿಲ್ಲ. ಪಾಳಿಯನ್ನು ಲೆಕ್ಕಿಸದೆ ನಡುಮನೆಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ನನ್ನ ಹಿತ್ತಾಳಿ ಬೋಗುಣಿ ಎಲ್ಲಿ?"

ಕಟ್ಟೆಯ ಮೇಲಿದ್ದವರು ಬಾಗಿಲಿಗೆ ಬಂದು ಇಣುಕಿದರು.

"ಗೌರಿ ಹಬ್ಬಕ್ಕಂತ ಒಯ್ದಾಕಿ ಕೊಡಲೇ ಇಲ್ಲ. ಭಾಳ ಶ್ಯಾಣ್ಯಾಕಿ ನಿಮ್ಮ ಹೆಂಡತಿ, ಮಾಸ್ತರ್ರ. ಬೋಗುಣಿ ತಿರುಗಿ ಕೊಡಬೇಕಾಗ್ತದಂತ ಹೋಗೇಬಿಟ್ಲು!"

ನನಗೆ ಸಿಟ್ಟು ಬಂತು. ಮಾಘದಿಂದೀಚೆಗೆ ಬಂದ ಮೊದಲನೆಯ ಸಿಟ್ಟು. ಎದ್ದು ನಿಂತೆ, ಕುಕ್ಕರು ನೆಲಕ್ಕೆ ಬಿತ್ತು.

"ತುಂಗಕ್ಕಾ, ನಮ್ಮಾಕಿ ಮಂದೀ ವಸ್ತು ಇಟಗೊಳ್ಳಾಕಿ ಅಲ್ಲ."

"ಹಂಗಾದ್ರ ತೋರಸ್ರಿ."

ನಾನು ಕುಕ್ಕರು ಎಳೆದುಕೊಂಡು ಅಡಿಗೆಮನೆಗೆ ನಡೆದೆ, ಹಿಂದೆ ತುಂಗಕ್ಕ. ಮಾಡ, ಅಟ್ಟ, ಹಿತ್ತಿಲು ಎಲ್ಲ ತೆಗೆದೆವು. ಗೋದಾಬಾಯಿ ಹೋದ ಮೇಲೆ ನಾನು ಆ ಮಾಡಗಳನ್ನು ತೆರೆದೇ ಇರಲಿಲ್ಲ. ತೆರೆದಷ್ಟೂ ನಮ್ಮ ಜಗಳ ಜೋರಾಯಿತು. ಅವಳು ಸಣ್ಣವಳಿದ್ದಾಗಲೇ ಹೀಗೆ, ನನ್ನ ರಿಬ್ಬನ್ನೂ ಕೊಡಲಿಲ್ಲ ಎಂದು ತುಂಗಕ್ಕ. ಆ ರಿಬ್ಬನ್ನಿನ ಕಥೆಯಲ್ಲಿ ತಪ್ಪು ಯಾರದೆಂದು ನನಗೆ ಗೊತ್ತಿದೆ ಎಂದು ನಾನು. ಕುಕ್ಕರು ಹಿಂದಿನಿಂದ ನಾಲ್ಕು, ಐದು ಎನ್ನುತ್ತಿದ್ದುದು ನಮಗೆ ಕೇಳಿಸಲಿಲ್ಲ.

ಬೋಗುಣಿ ದೇವರ ಮನೆಯ ಕಟ್ಟೆಯ ಕೆಳಗೆ, ಒಂದು ಹಳೆಯ ಪಂಚೆಯ ಗಂಟಿನಲ್ಲಿತ್ತು. ಗಂಟು ಬಿಚ್ಚಿದೆ. ಕಂಠದವರೆಗೂ ಹೂಬತ್ತಿ. ಬರುವ ಕಾರ್ತಿಕದಲ್ಲಿ ಲಕ್ಷ ಬತ್ತಿ ಹಚ್ಚುವ ಹರಕೆಗೆಂದು ಗೋದಾಬಾಯಿ ಹೊಸೆದು ಹೊಸೆದು ತುಂಬಿಟ್ಟಿದ್ದಳು. ನನಗೆ ಹೇಳಿರಲಿಲ್ಲ. ನಾನು ಅಂಗಡಿಯ ಬತ್ತಿ ತರುತ್ತಿದ್ದೆ.

ತುಂಗಕ್ಕ ಒಂದು ಬತ್ತಿ ಎತ್ತಿ ನೋಡಿದಳು. ಅದನ್ನು ಮತ್ತೆ ಬೋಗುಣಿಯಲ್ಲಿಟ್ಟು ಪಂಚೆ ಮುಚ್ಚಿದಳು.

"ಬೋಗುಣಿ ಇಲ್ಲೇ ಇರಲಿ" ಎಂದಳು ಕಡೆಗೆ. "ಬತ್ತಿ ತೀರಿದ ಮ್ಯಾಲೆ ಕೊಡ್ರಿ."

ನಾನು ನಕ್ಕೆ. ನಗುತ್ತಿದ್ದಂತೆಯೇ ಅಳು ಬಂತು. ಇಬ್ಬರೂ ಅಲ್ಲಿಯೇ ನೆಲದ ಮೇಲೆ ಕುಳಿತೆವು. ಕುಕ್ಕರು "ಹತ್ತಕ್ಕ ಹತ್ತು" ಎಂದು ಕೂಗಿತು, "ಹನ್ನೊಂದು" ಎಂದಿತು, ಸೀಟಿ ಹೊಡೆಯಿತು. ಪಟ್ಟಿ ತಾನೇ ಬಿಚ್ಚಿಕೊಂಡು ಬಿತ್ತು.

ಭುವನಾ ಕಣ್ಣೊರೆಸಿಕೊಂಡು, ಹತ್ತು ಬಂದದ್ದು ಬೋಗುಣಿ ಕೇಳಿದ್ದಕ್ಕೋ ಅಥವಾ ಆಮೇಲೆ ಆದದ್ದಕ್ಕೋ ಎಂದು ಮಾವನನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಗುರುಪಾದಪ್ಪ ಯಂತ್ರದ ಮೇಲೆ ಕೈಯಿಟ್ಟು, ಅದು ಬಂದವರು ಆಡಿದ ಮೊದಲ ಮಾತಿಗೇ ಮಾರ್ಕು ಕಟ್ಟುತ್ತದೆ, ಸಂಶಯ ಬೇಡ ಎಂದ. ಭುವನಾ ತುಂಗಕ್ಕನ ಆ ಮೊದಲ ಮಾತನ್ನೇ ಬುದ್ಧಿಗೆ ಉಣಿಸಿದಳು. ಸೋಮವಾರ ಕಂಪನಿಯವರು ಹತ್ತಕ್ಕೆ ಹತ್ತು ಬಂದ ಬುದ್ಧಿಯನ್ನು ಸಂಭ್ರಮದಿಂದ ಬಿಟ್ಟರು.

ವಾರದೊಳಗೆ ನಾಡಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಂಧುಮಿತ್ರರ ಹೆಸರಿನಲ್ಲಿ ಒಂದೇ ಸಂದೇಶ ಹೋಗತೊಡಗಿತು: "ನಿಮ್ಮವರು ನಮ್ಮ ಹಿತ್ತಾಳೆ ಬೋಗುಣಿ ಒಯ್ದು ತಿರುಗಿ ಕೊಡಲಿಲ್ಲ."

ಬೇರೆ ನಾಡಿನಲ್ಲಾದರೆ ಜನ ಕಂಪನಿಯ ಮೇಲೆ ದಾವೆ ಹೂಡುತ್ತಿದ್ದರೇನೋ. ನಮ್ಮವರು ಅಟ್ಟ ಹತ್ತಿದರು. ಸತ್ತವರ ಋಣ ಉಳಿದರೆ ಅವರಿಗೆ ಸದ್ಗತಿಯಿಲ್ಲ. ಹುಡುಕಿದರು, ಸಿಗಲಿಲ್ಲ. ಪಾತ್ರೆ ಅಂಗಡಿಗೆ ಹೋಗಿ ಹೊಸದನ್ನೇ ತಂದು ಸಂದೇಶ ಕಳಿಸಿದವರ ಮನೆಗೆ ಮುಟ್ಟಿಸಿದರು. ಪಡೆದವರು ಕಕ್ಕಾಬಿಕ್ಕಿ. ಸತ್ತವರ ವಸ್ತುವನ್ನು ಸುಮ್ಮನೆ ಇಟ್ಟುಕೊಳ್ಳಲು ಅವರಿಗೂ ಧೈರ್ಯವಿಲ್ಲ. ಕಂಪನಿಗೆ ಕಳಿಸಿದರು. ಕಂಪನಿಯವರು, ಇದು ಯಂತ್ರ ಮಾಡಿದವರ ಜವಾಬ್ದಾರಿ ಎಂದು ಲಾರಿಯಲ್ಲಿ ತುಂಬಿ ನಮ್ಮ ಓಣಿಗೆ ಕಳಿಸಿದರು.

ಈಗ ಗುರುಪಾದಪ್ಪನ ಮನೆಯಲ್ಲಿ ಮಲಗಲು ಜಾಗವಿಲ್ಲ. ನೀಲವ್ವ ದಿನವೂ ಅವನಿಗೆ ಮಾರ್ಕು ಹಾಕುತ್ತಾಳೆ, ಯಂತ್ರದ ಸಹಾಯವಿಲ್ಲದೆ.

ಭುವನಾಳನ್ನು ಕಂಪನಿಯವರು ಬೈಯಲೆಂದೇ ಕರೆದಿದ್ದರಂತೆ. ಅಷ್ಟರಲ್ಲಿ ಸಂದೇಶ ಬಂದ ಮನೆಗಳಿಂದ ಪತ್ರಗಳು ಬಂದವು. ಅಟ್ಟ ಹುಡುಕುವಾಗ ಅಪ್ಪನ ಕನ್ನಡಕ ಸಿಕ್ಕಿತೆಂದು ಒಬ್ಬ, ಬೋಗುಣಿ ನೆಪದಲ್ಲಿ ಮಾತು ಬಿಟ್ಟಿದ್ದ ಅತ್ತಿಗೆ ಮನೆಗೆ ಹೋಗಿಬಂದೆನೆಂದು ಒಬ್ಬಳು. ಅವರೆಲ್ಲ ಹತ್ತಕ್ಕೆ ಒಂಬತ್ತು ಹಾಕಿದ್ದರು. ಬೈಯಬೇಕೋ ಬಡ್ತಿ ಕೊಡಬೇಕೋ ಎಂದು ಕಂಪನಿಯವರು ಇನ್ನೂ ಮೀಟಿಂಗು ನಡೆಸುತ್ತಿದ್ದಾರೆ.

ನಾನು ಬೆಳಿಗ್ಗೆ ಒಂದು ಜೊತೆ, ಸಂಜೆ ಒಂದು ಜೊತೆ ಬತ್ತಿ ಹಚ್ಚುತ್ತೇನೆ. ಮಂಗಳಾರತಿ ಮುಗಿಯುವವರೆಗೂ ಉರಿಯುತ್ತವೆ. ತುಂಗಕ್ಕ ಏಕಾದಶಿಗೊಮ್ಮೆ ಫೋನು ಮಾಡಿ ಬತ್ತಿ ಎಷ್ಟು ಉಳಿದಿವೆ ಎಂದು ಗದರಿಸಿ ಕೇಳುತ್ತಾಳೆ. ಇನ್ನೂ ಬಹಳ ಇವೆ ಎನ್ನುತ್ತೇನೆ. ಅವಸರವಿಲ್ಲ ಎನ್ನುತ್ತಾಳೆ.

ಯಾರಿಗಾದರೂ ಹಿತ್ತಾಳೆ ಬೋಗುಣಿ ಬೇಕಿದ್ದರೆ ಗುರುಪಾದಪ್ಪನನ್ನು ಕಾಣಬಹುದು. ಒಯ್ದವರು ತಿರುಗಿ ಕೊಡಬಾರದೆಂದು ನೀಲವ್ವ ಬಾಗಿಲಿಗೆ ಬೋರ್ಡು ಹಾಕಿದ್ದಾಳೆ.