ಹುಣಸೆಹಣ್ಣಿಗೆ ಸಿಕ್ಕ ಬಾಕು

ಮನುಷ್ಯ ತನಗಿಲ್ಲದ ಗುಣಕ್ಕೆ ಬೇಕಾದ ಸಾಮಾನನ್ನೇ ಕೂಡಿಡುತ್ತಾನೆ ಎಂದು ನನ್ನ ಅನುಮಾನ. ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಬಡಾವಣೆಯ ಗೆಳೆಯರ ಬೇಸ್‌ಮೆಂಟಿನಲ್ಲಿ ಎರಡು ಟ್ರೆಡ್‌ಮಿಲ್‌ಗಳಿವೆ. ಒಂದರ ಮೇಲೆ ಸೀರೆ ಒಣಗುತ್ತದೆ, ಇನ್ನೊಂದರ ಮೇಲೆ ಸಂಡಿಗೆ. ಮಾವಿನಹಣ್ಣನ್ನು ನೆಟ್ಟಗೆ ಹೆಚ್ಚಲು ಬಾರದ ನಾನು ಮೆಡಿಟರೇನಿಯನ್ ಕಡಲಿನ ಸುತ್ತಲಿನ ಹಳೆಯ ಚಾಕು, ಬಾಕುಗಳನ್ನು ಸಂಗ್ರಹಿಸುತ್ತಿದ್ದೆ. ಸ್ಪೇನಿನ ಮಡಚುವ ಚಾಕು, ಕಾರ್ಸಿಕಾ ದ್ವೀಪದ ಸಣ್ಣ ಬಾಕು, ಹೀಗೆ ಒಟ್ಟು ಏಳು. ಏಳಕ್ಕೇ 'ಕಲೆಕ್ಷನ್' ಎನ್ನುತ್ತಿದ್ದೆ. ನನ್ನ ಹೆಂಡತಿ ಸುಧಾ ಅದನ್ನು 'ಆ ಡ್ರಾಯರ್' ಎನ್ನುತ್ತಿದ್ದಳು.

ಏಳನೆಯದು ಸಾಲ್ ಕೊಟ್ಟದ್ದು. ಸಾಲ್ ಎಂದರೆ ಕಾರಿನಲ್ಲಿ ಐದು ಗಂಟೆ ದೂರದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುವ ವರ್ಕ್‌ಶಾಪ್ ಇಟ್ಟಿದ್ದ ಎಪ್ಪತ್ತೆಂಟರ ಇಟಾಲಿಯನ್ ಮುದುಕ. ಕಂಪನಿ ಕೆಲಸಕ್ಕೆಂದು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದ ನನಗೆ ಊಟದ ಹೊತ್ತಿನಲ್ಲಿ ತನ್ನ ಚಾಕುಗಳನ್ನು ತೋರಿಸಿ ಹುಚ್ಚು ಹತ್ತಿಸಿದವನು ಅವನೇ. ಒಂದು ದಿನ ತನ್ನಪ್ಪ ಸಿಸಿಲಿಯಿಂದ ತಂದಿದ್ದ ಬಾಕನ್ನು ನನ್ನ ಕೈಗಿಟ್ಟ. "ನನ್ನ ಮಕ್ಕಳಿಗೆ ಇದು ಬೇಡ. ನೀನು ಇಟ್ಟುಕೋ. ಆದರೆ ಎಂದೂ ಉಜ್ಜಬೇಡ. ಹಿಡಿದು ಹಿಡಿದು ಕೂತ ಈ ಕಪ್ಪೆಲ್ಲ ನಮ್ಮಪ್ಪನ ಕೈ." ಮಗಳ ಮನೆಗೆಂದು ಡೆಟ್ರಾಯಿಟ್ ಕಡೆ ಬಂದಾಗ ಅದನ್ನು ನೋಡಿಹೋಗುತ್ತೇನೆ ಎಂದೂ ಹೇಳಿದ. ಇದು ತೊಂಬತ್ತೊಂಬತ್ತೋ ಎರಡು ಸಾವಿರವೋ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೇ ಡೈರಿ ಬರೆಯುತ್ತೇನೆ. ಬರೆದದ್ದನ್ನು ತಿರುಗಿ ಓದುವುದಿಲ್ಲ, ಅದು ಬೇರೆ ಮಾತು.

ಆ ವರ್ಷ ದಸರೆಗೆ ಧಾರವಾಡದಿಂದ ಅತ್ತೆ ಬಂದಿದ್ದರು. ಆಯುಧಪೂಜೆಗೆ ನಾವು ಮಿನಿವ್ಯಾನ್, ಕಂಪ್ಯೂಟರು, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚುವವರು. ಅತ್ತೆಗೆ ಅದು ನಗೆಪಾಟಲು. "ಖಂಡೇಪೂಜಿ ಅಂದ್ರ ಕತ್ತಿ ಪೂಜಿರೀ ಅಳಿಯಂದ್ರ. ಮನ್ಯಾಗ ಖರೇ ಕತ್ತಿ ಇಟಗೊಂಡು ಹುಲ್ಲಿನ ಮಷೀನಿಗೆ ಹೂವಾ ಏರಸ್ತೀರಲ್ರೀ!"

ಪೂಜೆಯ ದಿನವೇ ಮಧ್ಯಾಹ್ನದ ಊಟಕ್ಕೆ ಸಾಲ್ ಬರುವವನಿದ್ದ. ಬೆಳಿಗ್ಗೆ ದೇವರ ಮುಂದೆ ಹೋದೆ. ಏಳೂ ಬಾಕುಗಳು ಸಾಲಾಗಿ ಮಲಗಿ, ಹೊಸ ಸ್ಟೀಲ್ ಚಮಚಗಳ ಹಾಗೆ ಹೊಳೆಯುತ್ತಿದ್ದವು. ಹುಣಸೆಹಣ್ಣು, ಉಪ್ಪು, ಮೇಲೆ ಸ್ಟೀಲ್ ವೂಲ್. ದೇವರ ಪಾತ್ರೆಗೆ ಆದ ಉಪಚಾರವೆಲ್ಲ ಆಗಿತ್ತು. ಸಾಲ್‌ನ ಅಪ್ಪನ ಕೈ ಸಿಂಕಿನಲ್ಲಿ ಹರಿದುಹೋಗಿತ್ತು.

"ಡ್ಯಾಡ್, ದೇ ಆರ್ ಸೋ ಶೈನಿ!" ಎಂದಳು ಮಗಳು.

"ಎಷ್ಟು ಕಿಲುಬು ಹಿಡದಿತ್ತರೀ, ರಟ್ಟಿ ಬಿದ್ದುಹೋತು" ಎಂದರು ಅತ್ತೆ, ಹೆಮ್ಮೆಯಿಂದ.

ಅಡಗಿಸಿಡೋಣವೆಂದರೆ ಪೂಜೆಗಿಟ್ಟ ಆಯುಧವನ್ನು ಅಂದು ಕದಲಿಸುವಂತಿಲ್ಲ ಎಂದು ಅತ್ತೆಯ ಕಟ್ಟಪ್ಪಣೆ. ಅಷ್ಟರಲ್ಲಿ ಸಾಲ್ ಬಂದೇ ಬಿಟ್ಟ. ನೇರವಾಗಿ ದೇವರ ಮುಂದೆ ನಿಂತ. ಹಿಡಿಗೆ ಕುಂಕುಮ, ಅಲಗಿಗೆ ಸೇವಂತಿಗೆ. ಬಗ್ಗಿ ತನ್ನಪ್ಪನ ಬಾಕನ್ನು ನೋಡಿದ.

"ಯಾರು ಮಾಡಿದ್ದು?" ಎಂದು ಕೇಳಿದ.

ನಾನು ಅತ್ತೆಯ ಕಡೆ ನೋಡಿದೆ, ಅಷ್ಟೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ನಾನs" ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಸಾಲ್ ನಿಧಾನವಾಗಿ ಹೇಳಿದ: "ನಮ್ಮಮ್ಮನೂ ಒಂದು ಸಲ ನಿಂಬೆಹಣ್ಣು ಹಾಕಿ ಉಜ್ಜಿದ್ದಳು. ಅಪ್ಪ ವಾರವಿಡೀ ಅವಳ ಜೊತೆ ಮಾತು ಬಿಟ್ಟಿದ್ದ." ಆಮೇಲೆ ಮೂರು ಹೋಳಿಗೆ ತಿಂದ. ಬಾಕನ್ನು ವಾಪಸು ಒಯ್ಯಿ ಎಂದು ನಾನು ಅಂಗಲಾಚಿದೆ. "ಮತ್ತೆ ಕಪ್ಪಾಗಲು ಐವತ್ತು ವರ್ಷ ಬೇಕು. ನನಗೆಲ್ಲಿದೆ ಅಷ್ಟು ಟೈಮು? ನಿನ್ನ ಕೈಯಲ್ಲೇ ಕಪ್ಪಾಗಲಿ" ಎಂದು ಹೊರಟುಹೋದ.

ಈ ಪ್ರಸಂಗವನ್ನು ಎಷ್ಟೋ ವರ್ಷ ಪಾಟ್‌ಲಕ್ಕು ಊಟಗಳಲ್ಲಿ ಹೇಳಿ ನಗಿಸಿದ್ದೇನೆ. ಖಳನಾಯಕಿ ಯಾವಾಗಲೂ ಅತ್ತೆಯೇ. ಇದನ್ನು ಬರೆಯುವಾಗ ಇಸವಿ ಖಚಿತಪಡಿಸಿಕೊಳ್ಳೋಣವೆಂದು ಆ ಕಾಲದ ಡೈರಿಗಳನ್ನು ತೆಗೆದೆ. ಪೂಜೆಯ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: 'ಅತ್ತೆ ಬಂದು, ಬಾಕುಗಳನ್ನೂ ತಿಕ್ಕಲೇನು ಎಂದು ಎರಡು ಸಲ ಕೇಳಿದರು. ಹೂಂ ಎಂದೆ. ಹಳೆಯ ಚಾಕುಗಳನ್ನು ಕಾಪಾಡುವ ಬಗೆ ಕುರಿತ ಪುಸ್ತಕ ಓದುತ್ತಿದ್ದೆ. ಬಹಳ ಚೆನ್ನಾಗಿದೆ.'

ತಡೆಯಲಾರದೆ ಧಾರವಾಡಕ್ಕೆ ಫೋನ್ ಮಾಡಿದೆ. ಅತ್ತೆ ನಕ್ಕರು. "ನೀವು ಹೂಂ ಅಂದಿದ್ದು ನನಗ ಅವತ್ತs ನೆನಪಿತ್ತರೀ. ಆ ಮುದುಕಪ್ಪನ ಮುಂದ ನಿಮ್ಮ ಮಾರಿ ಎಷ್ಟು ಸಣ್ಣದಾಗಿತ್ತು ಅಂದ್ರ, ಹೋಗ್ಲಿ ಬಿಡು ಅಂತ 'ನಾನs' ಅಂದೆ."

ಬಾಕು ಈಗ ಅಡುಗೆಮನೆಯಲ್ಲಿದೆ. ದಿನಾ ಅದನ್ನು ಹಿಡಿದು ಹಣ್ಣು ಹೆಚ್ಚುತ್ತೇನೆ, ಸೊಟ್ಟಗೆ. ಹಿಡಿ ತುಸು ಮಸುಕಾಗಿದೆ. ಫೋನಿನ ಮಾತನ್ನು ಮಾತ್ರ ಡೈರಿಗೆ ಇನ್ನೂ ಬರೆದಿಲ್ಲ. ನೆನಪಿಗೇ ಬಿಟ್ಟಿದ್ದೇನೆ, ಅದು ನನ್ನ ಪರವಾಗಿ ಏನಾದರೂ ಮಾಡೀತು.